ಶಾಖೆಯವರೇ ವರದಿ ತೆಗೆಯುವಾಗ ಇಡಿಪಿ ವಿಭಾಗಕ್ಕೆ ಉಳಿಯುವ ಕೆಲಸ

ಪ್ರಶ್ನೆ: ಉಡುಪಿ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದ ಇಡಿಪಿ (ಗಣಕಯಂತ್ರದ ಮೂಲಕ ದತ್ತಾಂಶ ಸಂಸ್ಕರಣೆ) ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಶಾಖೆಗಳಿಗೆ ಬೇಕಾದ ವರದಿಗಳನ್ನು ತೆಗೆದುಕೊಡುವುದು, ಎಕ್ಸೆಲ್ ಹಾಳೆಗಳನ್ನು ಸಿದ್ಧಪಡಿಸುವುದು, ನೆಟ್‌ವರ್ಕ್ ಮತ್ತು ಬ್ಯಾಕಪ್ ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ಶಾಖೆಯ ಕಿರಿಯ ಸಿಬ್ಬಂದಿ ಚಾಟ್‌ಜಿಪಿಟಿಯಂಥ ಸಾಧನಗಳಿಂದ ಸೂತ್ರ, ಮ್ಯಾಕ್ರೋಗಳನ್ನು (ಎಕ್ಸೆಲ್ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಬರೆಸಿಕೊಂಡು ವರದಿಗಳನ್ನು ತಾವೇ ತಯಾರಿಸುತ್ತಿದ್ದಾರೆ. ‘ಎಲ್ಲವನ್ನೂ ಅವರೇ ಮಾಡಿಕೊಳ್ಳುವುದಾದರೆ ಇಡಿಪಿಗೆ ಇಬ್ಬರು ಯಾಕೆ?’ ಎಂದು ನಿರ್ದೇಶಕರೊಬ್ಬರು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿದ್ದಾರೆ. ನಮ್ಮ ಹುದ್ದೆಗೆ ಮುಂದೆ ಏನಾಗುತ್ತದೆ? ನಾನು ಏನು ಕಲಿಯಬೇಕು? ಮಗಳು ಬಿಸಿಎ ಓದುತ್ತಿದ್ದಾಳೆ. ಅವಳು ಇದೇ ದಾರಿ ಹಿಡಿಯಬಹುದೇ?

ಉತ್ತರ: ನಿರ್ದೇಶಕರ ಮಾತನ್ನು ಅವಮಾನವೆಂದು ತೆಗೆದುಕೊಳ್ಳಬೇಡಿ. ಅದು ಆಡಳಿತ ಮಂಡಳಿ ಕೇಳಲೇಬೇಕಾದ ಪ್ರಶ್ನೆ, ಮತ್ತು ಅದರ ಉತ್ತರದ ಅರ್ಧ ಭಾಗ ಅವರ ಪರವಾಗಿಯೇ ಇದೆ. ನೀವು ಪಟ್ಟಿ ಮಾಡಿರುವ ಕೆಲಸಗಳಲ್ಲಿ ಒಂದು ಭಾಗ, ಅಂದರೆ ಶಾಖೆಯವರ ಬೇಡಿಕೆಯನ್ನು ಕೇಳಿಕೊಂಡು ಗಣಕಯಂತ್ರದಿಂದ ಉತ್ತರ ತಂದುಕೊಡುವ ಭಾಗ, ನಿಮ್ಮ ಕೈಯಿಂದ ಹೋಗುತ್ತಿದೆ. ಅದು ಮರಳಿ ಬರುವುದಿಲ್ಲ, ಬರಬೇಕೆಂದು ಬಯಸುವುದೂ ಸರಿಯಲ್ಲ. ಆದರೆ ಆ ತಂದುಕೊಡುವಿಕೆಯ ಜೊತೆಯಲ್ಲೇ ನೀವು ಯಾರೂ ಹೇಳದೆ ಮಾಡುತ್ತಿದ್ದ ಬೇರೆ ಕೆಲವು ಕೆಲಸಗಳಿದ್ದವು. ಮೊತ್ತ ಹಿಂದಿನ ತಿಂಗಳಿನದಕ್ಕೆ ತಾಳೆಯಾಗುತ್ತದೆಯೇ ಎಂದು ಕಣ್ಣಾಡಿಸುವುದು, ಯಾರಿಗೆ ಯಾವ ಮಾಹಿತಿ ಕೊಡಬಾರದೆಂದು ನೆನಪಿಟ್ಟುಕೊಳ್ಳುವುದು, ಕಳೆದ ವರ್ಷ ಇದೇ ವರದಿಯನ್ನು ಯಾವ ಲೆಕ್ಕಾಚಾರದ ಮೇಲೆ ತೆಗೆದಿದ್ದೆವೆಂದು ತಿಳಿದಿರುವುದು ಅಂಥವು. ಹುದ್ದೆಯೊಂದು ಸವೆಯುವಾಗ ಇಂಥ ಕೆಲಸಗಳು ಯಾರ ಕೈಗೂ ಸೇರದೆ ನಡುವೆ ಬಿದ್ದುಹೋಗುತ್ತವೆ, ಅವುಗಳ ಕೊರತೆ ಹಣದ ಲೆಕ್ಕದಲ್ಲಿ ಕಾಣಿಸಿಕೊಂಡ ಮೇಲೆ ಬೇರೊಂದು ಹೆಸರಿನಲ್ಲಿ ಹಿಂತಿರುಗುತ್ತವೆ. ನಿಮ್ಮ ಮುಂದಿನ ದಾರಿ ಇರುವುದು ಆ ಬಿದ್ದುಹೋಗುವ ಕೆಲಸಗಳಲ್ಲಿ.

ಇದನ್ನು ಮಂಗಳೂರಿನ ಮುದ್ರಣಾಲಯಗಳು ಈಗಾಗಲೇ ಅನುಭವಿಸಿವೆ. 1841ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಮುದ್ರಣಾಲಯ ಸ್ಥಾಪಿಸಿದ ಮೇಲೆ ಅಚ್ಚುಮೊಳೆ ಜೋಡಿಸುವವರ ಒಂದು ನುರಿತ ವರ್ಗವೇ ಈ ಊರಿನಲ್ಲಿ ಬೆಳೆಯಿತು. 1894ರ ಕಿಟ್ಟೆಲ್ ನಿಘಂಟಿನಂಥ ಬೃಹತ್ ಗ್ರಂಥ ಇಲ್ಲಿಯೇ ಅಚ್ಚಾದದ್ದು ಅವರಿಂದ. ಮುಂದೆ ಗಣಕಯಂತ್ರ ಬಂದು, ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಕನ್ನಡವನ್ನು ಟೈಪ್ ಮಾಡುವುದು ಸುಲಭವಾದಾಗ, ಮೊಳೆ ಜೋಡಿಸುವವರ ಜಾಗಕ್ಕೆ ಡಿಟಿಪಿ ಮಾಡುವವರು, ಅಂದರೆ ಗಣಕಯಂತ್ರದಲ್ಲಿ ಪುಟ ಜೋಡಿಸುವವರು, ಬಂದರು. ಬರಹ, ನುಡಿ ತಂತ್ರಾಂಶಗಳು ಮತ್ತು ಯುನಿಕೋಡ್ ಮನೆಮನೆಗೆ ತಲುಪಿದ ಮೇಲೆ ಲೇಖಕರೇ ಟೈಪ್ ಮಾಡತೊಡಗಿದರು, ಡಿಟಿಪಿ ಅಂಗಡಿಗಳೂ ಕಡಿಮೆಯಾದವು. ಇಷ್ಟು ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದೆ ಹೋದದ್ದು ಇನ್ನೊಂದು: ಹಳೆಯ ಮೊಳೆ ಜೋಡಿಸುವವನು ಅಕ್ಷರ ಜೋಡಿಸುತ್ತಲೇ ತಪ್ಪು ಒತ್ತಕ್ಷರವನ್ನು ತಿದ್ದುತ್ತಿದ್ದ, ಅವನ ಹಿಂದೆ ಕರಡು ತಿದ್ದುವವರು ಇರುತ್ತಿದ್ದರು. ಟೈಪ್ ಮಾಡುವ ಕೆಲಸ ಲೇಖಕರಿಗೆ ಹೋಯಿತು, ತಿದ್ದುವ ಕೆಲಸ ಯಾರಿಗೂ ಹೋಗಲಿಲ್ಲ. ಇಂದಿನ ಆಮಂತ್ರಣ ಪತ್ರಿಕೆಗಳಿಂದ ಹಿಡಿದು ಸ್ಮರಣ ಸಂಚಿಕೆಗಳವರೆಗೆ ಅದರ ಫಲವನ್ನು ನೋಡಬಹುದು.

ಗಣಕಯಂತ್ರದ ಜಗತ್ತಿನಲ್ಲಿ ‘ಇನ್ನು ತಜ್ಞರು ಬೇಡ’ ಎಂಬ ಘೋಷಣೆ ಹೊಸದೇನೂ ಅಲ್ಲ. 1959ರಲ್ಲಿ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪುಗೊಂಡಾಗ, ಇಂಗ್ಲಿಷ್ ವಾಕ್ಯಗಳಂತಿರುವುದರಿಂದ ವ್ಯವಹಾರ ನಡೆಸುವವರೂ ಅದನ್ನು ಓದಿ ಅರ್ಥಮಾಡಿಕೊಳ್ಳಬಹುದೆಂಬ ನಿರೀಕ್ಷೆಯಿತ್ತು. 1970ರ ದಶಕದ ಮಧ್ಯದಲ್ಲಿ ಐಬಿಎಂ ಸಂಸ್ಥೆಯ ಇಬ್ಬರು ಸಂಶೋಧಕರು ಎಸ್‌ಕ್ಯೂಎಲ್ ಭಾಷೆಯನ್ನು ರೂಪಿಸಿದ್ದೂ ಪ್ರೋಗ್ರಾಮಿಂಗ್ ಕಲಿಯದವರು ದತ್ತಾಂಶವನ್ನು ನೇರವಾಗಿ ಕೇಳಿ ಪಡೆಯಲಿ ಎಂಬ ಉದ್ದೇಶದಿಂದಲೇ. ಆದರೆ ಆ ಭಾಷೆಯೇ ಒಂದು ಪರಿಣತಿಯಾಗಿ, ಅದನ್ನು ಬಲ್ಲವರಿಗೆಂದೇ ಹುದ್ದೆಗಳು ಹುಟ್ಟಿಕೊಂಡವು. ಆ ವಾಗ್ದಾನವನ್ನು ನಿಜವಾಗಿ ಈಡೇರಿಸಿದ್ದು 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಹೊರತಂದ ವಿಸಿಕ್ಯಾಲ್ಕ್, ಅಂದರೆ ಇಂದಿನ ಎಕ್ಸೆಲ್‌ನ ಪೂರ್ವಜ. ಲೆಕ್ಕಿಗರು ಪ್ರೋಗ್ರಾಂ ಬರೆಯುವವರನ್ನು ಕಾಯದೆ ತಮ್ಮ ಲೆಕ್ಕಾಚಾರವನ್ನು ತಾವೇ ಕಟ್ಟಿಕೊಳ್ಳುವಂತಾಯಿತು. ಇದರಿಂದ ತಂತ್ರಾಂಶ ತಜ್ಞರ ಬೇಡಿಕೆ ಕುಗ್ಗಲಿಲ್ಲ. ಸುಲಭವಾದದ್ದನ್ನು ಜನರು ತಾವೇ ಮಾಡಿಕೊಂಡ ಕೂಡಲೇ ಅದಕ್ಕಿಂತ ಕಷ್ಟವಾದದ್ದನ್ನು ಕೇಳತೊಡಗುತ್ತಾರೆ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಹಾಗೆಂದು ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಈ ವಿಷಯದಲ್ಲಿ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ ಅಮೆರಿಕದ ಬ್ಯಾಂಕುಗಳ ನಗದು ಗುಮಾಸ್ತರದು. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ತೋರಿಸಿಕೊಟ್ಟಂತೆ, ಎಟಿಎಂ ಬಂದ ಮೇಲೆ ಅಲ್ಲಿನ ನಗರದ ಒಂದು ಶಾಖೆಗೆ ಬೇಕಾಗುವ ಗುಮಾಸ್ತರ ಸರಾಸರಿ ಸಂಖ್ಯೆ 1988ರಿಂದ 2004ರ ನಡುವೆ ಸುಮಾರು 20ರಿಂದ 13ಕ್ಕೆ ಇಳಿಯಿತು. ಶಾಖೆ ನಡೆಸುವ ಖರ್ಚು ಕಡಿಮೆಯಾದ್ದರಿಂದ ಶಾಖೆಗಳ ಸಂಖ್ಯೆ ಏರಿತು, ಒಟ್ಟು ಗುಮಾಸ್ತರು ಕಡಿಮೆಯಾಗಲಿಲ್ಲ. ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮುಂದೆ ಮೊಬೈಲ್ ಬ್ಯಾಂಕಿಂಗ್ ಬಂದು ಗ್ರಾಹಕರಿಗೆ ಶಾಖೆಯೇ ಬೇಡವಾದಾಗ ಅಲ್ಲಿ ಗುಮಾಸ್ತರ ಸಂಖ್ಯೆ ನಿಜವಾಗಿಯೇ ಇಳಿಯತೊಡಗಿತು. ಎಟಿಎಂ ಗುಮಾಸ್ತರ ಒಂದು ಕೆಲಸವನ್ನು ಕಸಿದುಕೊಂಡಿತು. ಮೊಬೈಲ್ ಅವರು ನಿಂತಿದ್ದ ಜಾಗವನ್ನೇ ಕಸಿದುಕೊಂಡಿತು. ನಿಮ್ಮ ವಿಭಾಗದ ವಿಷಯದಲ್ಲಿಯೂ ಹೋಗುತ್ತಿರುವುದು ಕೆಲಸವೇ, ಜಾಗವೇ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ನಮ್ಮದೇ ಜಿಲ್ಲೆಯ ಪಿಗ್ಮಿ ಸಂಗ್ರಾಹಕರನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ಆರಂಭಿಸಿದ ಈ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ, ಅಂಗಡಿಗಳಿಗೆ ಹೋಗಿ ಸಂಗ್ರಹಿಸಲಾಗುತ್ತಿತ್ತು. ಪುಸ್ತಕದಲ್ಲಿ ಬರೆಯುವ ಬದಲು ಕೈಯಲ್ಲಿ ಹಿಡಿಯುವ ಯಂತ್ರ ಬಂತು, ಆಮೇಲೆ ಮೊಬೈಲ್ ಆ್ಯಪ್ ಬಂತು, 2016ರ ನಂತರ ಯುಪಿಐ ಬಂತು. ಹಣ ಕಳುಹಿಸಲು ಅಂಗಡಿಯವನಿಗೆ ಈಗ ಯಾರ ಸಹಾಯವೂ ಬೇಡ. ಆದರೂ ಸಂಗ್ರಾಹಕರು ಪೂರ್ತಿ ಮರೆಯಾಗಿಲ್ಲ, ಯಾಕೆಂದರೆ ಅವರು ಮಾಡುತ್ತಿದ್ದದ್ದು ಹಣ ಸಾಗಿಸುವುದಷ್ಟನ್ನೇ ಅಲ್ಲ. ಪ್ರತಿದಿನ ಬಾಗಿಲಿಗೆ ಬಂದು ನಿಂತು ಉಳಿತಾಯದ ಮಾತನ್ನು ನೆನಪಿಸುವುದು, ಯಾವ ವ್ಯಾಪಾರ ಸೊರಗುತ್ತಿದೆಯೆಂಬುದು ಶಾಖೆಗೆ ತಿಳಿಯುವುದಕ್ಕೆ ಮೊದಲೇ ತಿಳಿದಿರುವುದು. ಈ ಎರಡನೆಯದನ್ನು ಬಳಸಿಕೊಳ್ಳುವ ಸಂಘಗಳಲ್ಲಿ ಅವರಿಗೆ ಬೆಲೆಯಿದೆ, ಉಳಿದ ಕಡೆ ಅವರು ಕಮಿಷನ್ ಖರ್ಚು ಮಾತ್ರ.

ಈಗ ನಿಮ್ಮ ಇಡಿಪಿ ವಿಭಾಗಕ್ಕೆ ಬರೋಣ. ಹಿಂದಿನ ಸಾಧನಗಳಿಗೂ ಇಂದಿನ ಕೃತಕ ಬುದ್ಧಿಮತ್ತೆಯ ಸಾಧನಗಳಿಗೂ ಒಂದು ವ್ಯತ್ಯಾಸವಿದೆ, ನನ್ನ ಅಭಿಪ್ರಾಯದಲ್ಲಿ ಎಲ್ಲವೂ ಅದರ ಮೇಲೆಯೇ ನಿಂತಿದೆ. ಮೊದಲು ಎಕ್ಸೆಲ್ ಬಳಸುವವರು ತಮಗೆ ತಿಳಿದಷ್ಟು ದೂರ ಹೋಗಿ ಅಲ್ಲಿ ನಿಲ್ಲುತ್ತಿದ್ದರು. ಮುಂದಿನದು ಬರುವುದಿಲ್ಲವೆಂದು ಅವರಿಗೇ ಗೊತ್ತಿರುತ್ತಿತ್ತು, ಆಗ ನಿಮಗೆ ಫೋನ್ ಮಾಡುತ್ತಿದ್ದರು. ಈಗಿನ ಸಾಧನ ಅವರನ್ನು ಅವರ ತಿಳಿವಿನಾಚೆಗೆ ಕರೆದುಕೊಂಡು ಹೋಗುತ್ತದೆ, ಮತ್ತು ಯಾವ ಜಾಗದಲ್ಲಿ ಗಡಿ ದಾಟಿತೆಂದು ಹೇಳುವುದಿಲ್ಲ. ಮಾಡುವ ಸಾಮರ್ಥ್ಯ ಬೆಳೆದಷ್ಟು ವೇಗವಾಗಿ ಪರೀಕ್ಷಿಸುವ ಸಾಮರ್ಥ್ಯ ಬೆಳೆದಿಲ್ಲ. ಇಲ್ಲಿ ಶಾಖೆಯ ಹುಡುಗ, ಹುಡುಗಿಯರನ್ನು ದೂರಲು ಕಾರಣವಿಲ್ಲ. ಅವರು ಉತ್ಸಾಹದಿಂದ, ಸಂಘದ ಒಳ್ಳೆಯದಕ್ಕೇ ಮಾಡುತ್ತಿದ್ದಾರೆ.

ತಪ್ಪು ಎಲ್ಲಿಂದ ನುಸುಳುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಆಡಳಿತ ಮಂಡಳಿಯ ಮುಂದೆ ನಿಮಗೆ ಬೇಕಾಗುವುದು ಇವೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯೆಂದೇ ನಮೂದಿಸಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಸದಸ್ಯತ್ವ ಸಂಖ್ಯೆಯ ಮುಂದಿನ ಸೊನ್ನೆಗಳು ಉದುರಿಹೋಗುತ್ತವೆ, ಆಮೇಲೆ ಎರಡು ಪಟ್ಟಿಗಳನ್ನು ಹೊಂದಿಸುವಾಗ ಆ ಸದಸ್ಯರು ಪಟ್ಟಿಯಲ್ಲಿ ಇಲ್ಲವೆಂದೇ ಬರುತ್ತದೆ. 03/04/2025 ಎಂಬುದು ಒಂದು ಗಣಕಯಂತ್ರದಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ಆರ್ಥಿಕ ವರ್ಷದ ಎರಡು ಬದಿಗಳಲ್ಲಿ ಬೀಳುವ ಈ ಎರಡು ದಿನಾಂಕಗಳ ನಡುವಿನ ಅಂತರ ಠೇವಣಿಯ ಬಡ್ಡಿಗೂ ಸಾಲದ ಕಂತಿಗೂ ಎಷ್ಟು ಮುಖ್ಯವೆಂದು ನಿಮಗೆ ಹೇಳಬೇಕಾಗಿಲ್ಲ. ಇವು ಅರೆತಿಳಿದವರು ಮಾತ್ರ ಮಾಡುವ ತಪ್ಪುಗಳೆಂದು ಭಾವಿಸಬಾರದು. ಮಾರ್ಚ್, ಸೆಪ್ಟೆಂಬರ್ ತಿಂಗಳ ಹೆಸರನ್ನು ಹೋಲುವ ವಂಶವಾಹಿಗಳ ಹೆಸರುಗಳನ್ನು ಎಕ್ಸೆಲ್ ದಿನಾಂಕಗಳಾಗಿ ಬದಲಿಸುತ್ತಿದ್ದುದರಿಂದ ಬೇಸತ್ತು, 2020ರಲ್ಲಿ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತು. ವಿಜ್ಞಾನಿಗಳೇ ಸೋತು ತಂತ್ರಾಂಶಕ್ಕೆ ದಾರಿ ಬಿಟ್ಟುಕೊಟ್ಟರು ಎನ್ನಬಹುದು.

ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದದ್ದು ಇನ್ನೂ ಗಂಭೀರ. ಪ್ರಯೋಗಾಲಯಗಳಿಂದ ಬಂದ ಕೋವಿಡ್ ಪರೀಕ್ಷಾ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ಮಾದರಿಯ ಕಡತಕ್ಕೆ ಸೇರಿಸುತ್ತಿತ್ತು. ಆ ಮಾದರಿಯಲ್ಲಿ ಒಂದು ಹಾಳೆಗೆ 65,536 ಸಾಲುಗಳು ಮಾತ್ರ. ಹೊಸ ಮಾದರಿಯಲ್ಲಾದರೆ ಹತ್ತು ಲಕ್ಷಕ್ಕಿಂತ ಹೆಚ್ಚು. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದಿನದ ಲೆಕ್ಕಕ್ಕೆ ಸೇರಲಿಲ್ಲ, ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವುದು ತಡವಾಯಿತು. ಇಂಥ ಘಟನೆಗಳಲ್ಲಿ ಹಾಳೆಯನ್ನು ಯಾರು ಮಾಡಿದರೆಂಬುದು ದೊಡ್ಡ ವಿಷಯವಲ್ಲ. ಆ ಹಾಳೆಯ ಮೇಲೆ ಇಷ್ಟೊಂದು ಭಾರ ಬಿದ್ದಿದೆಯೆಂದು ಗಮನಿಸುವ ಹೊಣೆ ಯಾರದಾಗಿತ್ತು ಎಂದು ಕೇಳಬೇಕು. ನಿಮ್ಮ ಸಂಘದಲ್ಲಿ ಆ ಹೊಣೆ ಇಂದು ಯಾರದೂ ಅಲ್ಲ. ಅದನ್ನು ನಿಮ್ಮದಾಗಿಸಿಕೊಳ್ಳಿ.

ಮೊದಲು ಮಾಡಬೇಕಾದದ್ದು, ಶಾಖೆಗಳಲ್ಲಿ ಸ್ವಂತವಾಗಿ ಮಾಡಿಕೊಂಡಿರುವ ಹಾಳೆ, ಮ್ಯಾಕ್ರೋಗಳಲ್ಲಿ ಯಾವುವುಗಳ ಮೇಲೆ ಹಣದ ತೀರ್ಮಾನ ನಿಂತಿದೆಯೆಂದು ಗುರುತಿಸಿ ದಾಖಲೆ ಮಾಡುವುದು. ಎಲ್ಲವನ್ನೂ ಬೆನ್ನಟ್ಟಬೇಡಿ, ಸಿಬ್ಬಂದಿಯ ರಜೆಯ ಪಟ್ಟಿ ತಪ್ಪಾದರೆ ಯಾರೂ ಮುಳುಗುವುದಿಲ್ಲ. ಬಡ್ಡಿ, ಡಿವಿಡೆಂಡ್, ಸುಸ್ತಿ (ಸಮಯಕ್ಕೆ ಮರುಪಾವತಿಯಾಗದ ಸಾಲ), ನೋಟಿಸು ಇವುಗಳಿಗೆ ಸಂಬಂಧಿಸಿದವು ಸಾಕು. ಅವುಗಳಿಗೆ ಒಬ್ಬ ಮಾಲೀಕ, ಒಬ್ಬ ಪರೀಕ್ಷಕ, ಬದಲಾವಣೆಯ ದಾಖಲೆ ಇರಲಿ, ಮತ್ತು ಫಲಿತಾಂಶದ ಒಟ್ಟು ಮೊತ್ತ ಮುಖ್ಯ ತಂತ್ರಾಂಶದ ಜನರಲ್ ಲೆಡ್ಜರಿಗೆ (ಎಲ್ಲ ಲೆಕ್ಕಗಳ ಮೂಲ ಖಾತೆಪುಸ್ತಕಕ್ಕೆ) ತಾಳೆಯಾಗದೆ ಸಭೆಗೆ ಹೋಗಬಾರದೆಂಬ ನಿಯಮವಿರಲಿ.

ಎರಡನೆಯದು ವ್ಯಾಖ್ಯಾನದ ಕೆಲಸ. ಇದು ಹೊರಗಿನಿಂದ ಒಣ ಕೆಲಸದಂತೆ ಕಾಣುತ್ತದೆ, ಆದರೆ ನನ್ನ ದೃಷ್ಟಿಯಲ್ಲಿ ನಿಮ್ಮ ಹುದ್ದೆಯ ಭವಿಷ್ಯ ಹೆಚ್ಚಾಗಿ ಇಲ್ಲಿಯೇ ಇದೆ. ‘ಸುಸ್ತಿ’ ಎಷ್ಟು ಎಂದು ಕೇಳಿದರೆ ಒಂದು ಶಾಖೆ ತಪ್ಪಿದ ಕಂತುಗಳ ಮೊತ್ತವನ್ನು ಹೇಳುತ್ತದೆ, ಇನ್ನೊಂದು ಆ ಸಾಲಗಳ ಪೂರ್ತಿ ಹೊರಬಾಕಿಯನ್ನು ಹೇಳುತ್ತದೆ. ಒಬ್ಬರು ಕಂತಿನ ದಿನಾಂಕದಿಂದ ಎಣಿಸುತ್ತಾರೆ, ಇನ್ನೊಬ್ಬರು ತಿಂಗಳ ಕೊನೆಯಿಂದ. ಬಡ್ಡಿಯನ್ನಷ್ಟೇ ಕಟ್ಟಿದವರನ್ನು ಸೇರಿಸಬೇಕೇ ಎಂಬುದರಲ್ಲಿ ಮೂರನೆಯವರಿಗೆ ಬೇರೆ ಅಭಿಪ್ರಾಯ. ಎಲ್ಲ ವರದಿಗಳೂ ನಿಮ್ಮ ಮೂಲಕ ಬರುತ್ತಿದ್ದ ಕಾಲದಲ್ಲಿ ಈ ಭಿನ್ನತೆಗಳು ನಿಮ್ಮ ತಲೆಯೊಳಗೇ ಬಗೆಹರಿಯುತ್ತಿದ್ದವು, ಆದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಈಗ ಎಂಟು ಶಾಖೆಗಳು ಎಂಟು ಬಗೆಯ ಉತ್ತರವನ್ನು, ಪ್ರತಿಯೊಂದನ್ನೂ ಅಂದವಾದ ನಕ್ಷೆಯೊಡನೆ ತರುತ್ತವೆ. ಪ್ರತಿ ಪದಕ್ಕೂ ಸಂಘದ ಒಂದೇ ಅರ್ಥವನ್ನು ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರೊಡನೆ ಮತ್ತು ಲೆಕ್ಕಪರಿಶೋಧಕರೊಡನೆ ಕುಳಿತು ಬರೆದಿಡಿ, ಅದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಪಡೆಯಿರಿ, ಆಮೇಲೆ ಆ ಅರ್ಥಕ್ಕೆ ತಕ್ಕ ಸಿದ್ಧ ಕೋಷ್ಟಕಗಳನ್ನು ಶಾಖೆಗಳಿಗೆ ಕೊಡಿ. ಅವರು ಅದರ ಮೇಲೆ ಏನು ಬೇಕಾದರೂ ಕಟ್ಟಿಕೊಳ್ಳಲಿ. ಈ ಕೋಷ್ಟಕಗಳು ಚಾಲ್ತಿಯಲ್ಲಿರುವ ಮುಖ್ಯ ದತ್ತಾಂಶದಿಂದ ಬೇರೆಯಾಗಿ, ಓದಲು ಮಾತ್ರ ಬರುವ ಪ್ರತಿಯಲ್ಲಿ ಇರಬೇಕೆಂಬುದನ್ನು ನೀವು ಬಲ್ಲಿರಿ.

ಸದಸ್ಯರ ಹೆಸರು, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆಗಳಿರುವ ಪಟ್ಟಿಯನ್ನು ಉಚಿತ ಎಐ ಸಾಧನಕ್ಕೆ ಹಾಕಿ ‘ಇದನ್ನು ಸರಿಪಡಿಸಿಕೊಡು’ ಎನ್ನುವ ಅಭ್ಯಾಸ ನಿಮ್ಮಲ್ಲಿಯೂ ಇದ್ದರೆ ಇಂದೇ ನಿಲ್ಲಿಸಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಬಗ್ಗೆ ಸಂಸತ್ತು 2023ರಲ್ಲಿಯೇ ಕಾಯಿದೆ ಮಾಡಿದೆ; ಜವಾಬ್ದಾರಿ ಸಂಘದ ಮೇಲೆಯೇ ಬರುತ್ತದೆ, ಕಿರಿಯ ಗುಮಾಸ್ತರ ಮೇಲಲ್ಲ. ಹೆಸರು, ಸಂಖ್ಯೆಗಳನ್ನು ಬದಲಿಸಿದ ಮಾದರಿ ಪಟ್ಟಿಯೊಂದನ್ನು ನೀವೇ ತಯಾರಿಸಿ ಕೊಟ್ಟರೆ ಅವರು ಅದರ ಮೇಲೆ ಸೂತ್ರ ಬರೆಸಿಕೊಂಡು ನಿಜವಾದ ಪಟ್ಟಿಗೆ ಅನ್ವಯಿಸಬಹುದು. ನಿಷೇಧಕ್ಕಿಂತ ಇದು ಹೆಚ್ಚು ಫಲಕಾರಿ.

ನಿಷೇಧದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಪಾಸ್‌ವರ್ಡುಗಳನ್ನು ತಮ್ಮ ಬಳಿಯೇ ಇಟ್ಟುಕೊಂಡು, ಸಣ್ಣ ವರದಿಗೂ ಲಿಖಿತ ಮನವಿ ಕೇಳಿ, ‘ಇಡಿಪಿ ಇಲ್ಲದೆ ನಡೆಯುವುದಿಲ್ಲ’ ಎಂಬ ಸ್ಥಿತಿಯನ್ನು ಉಳಿಸಿಕೊಳ್ಳಲು ಹೊರಟವರನ್ನು ಕರಾವಳಿಯ ಹಲವು ಸಂಸ್ಥೆಗಳಲ್ಲಿ ಕಂಡಿದ್ದೇನೆ. ಅದು ಸ್ವಲ್ಪ ಕಾಲ ನಡೆಯುತ್ತದೆ. ಅಷ್ಟರಲ್ಲಿ ಶಾಖೆಯವರು ವಾಟ್ಸ್‌ಆ್ಯಪ್ ಮೂಲಕ ಕಡತಗಳನ್ನು ಹಂಚಿಕೊಂಡು ನಿಮ್ಮನ್ನು ಬದಿಗಿಟ್ಟೇ ಕೆಲಸ ನಡೆಸುವುದನ್ನು ಕಲಿತಿರುತ್ತಾರೆ. ಅದರ ಬದಲು ಪ್ರತಿ ಶಾಖೆಯಲ್ಲಿ ಈ ವಿಷಯದಲ್ಲಿ ಚುರುಕಾಗಿರುವ ಒಬ್ಬರನ್ನು ಗುರುತಿಸಿ ನಿಮ್ಮ ಬಳಗಕ್ಕೆ ಸೇರಿಸಿಕೊಳ್ಳಿ. ಮಾನವಶಾಸ್ತ್ರಜ್ಞೆ ಬಾನಿ ನಾರ್ಡಿ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಆರಂಭದಲ್ಲಿ ಕಚೇರಿಗಳಲ್ಲಿ ಸ್ಪ್ರೆಡ್‌ಶೀಟ್ ಮತ್ತು ಕ್ಯಾಡ್ (ವಿನ್ಯಾಸದ ನಕ್ಷೆ ಬಿಡಿಸುವ ತಂತ್ರಾಂಶ) ಬಳಸುವವರನ್ನು ಅಧ್ಯಯನ ಮಾಡಿದಾಗ, ಒಬ್ಬೊಬ್ಬರೇ ಕೆಲಸ ಮಾಡುವಂತೆ ಕಂಡರೂ ಅವರು ಪಕ್ಕದ ಮೇಜಿನ ಹೆಚ್ಚು ಬಲ್ಲವರನ್ನು ನೆಚ್ಚಿಕೊಂಡಿರುತ್ತಾರೆ ಎಂಬುದು ಕಂಡುಬಂತು. ಅಂಥವರ ನೆರವನ್ನು ಸಂಸ್ಥೆ ಅಧಿಕೃತವಾಗಿ ಗುರುತಿಸುವುದು ಎಲ್ಲರಿಗೂ ಲಾಭವೆಂಬುದು ಅವರ ವಾದವಾಗಿತ್ತು. ಎಐ ಬಂದ ಮೇಲೆ ಈ ಮಾತಿಗೆ ಬಲ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಏನು ಕಲಿಯಬೇಕೆಂದು ಕೇಳಿದ್ದೀರಿ. ಎಸ್‌ಕ್ಯೂಎಲ್ ನಿಮಗೆ ಬರುತ್ತದೆಯೆಂದು ಊಹಿಸುತ್ತೇನೆ. ಅದನ್ನು ಬರೆಯುವ ವೇಗಕ್ಕಿಂತ, ಬೇರೆಯವರು ಅಥವಾ ಯಂತ್ರ ಬರೆದದ್ದನ್ನು ಓದಿ ತಪ್ಪು ಹಿಡಿಯುವ ಶಕ್ತಿಯನ್ನು ಬೆಳೆಸಿಕೊಳ್ಳಿ. ಎರಡು ಕೋಷ್ಟಕಗಳನ್ನು ಜೋಡಿಸುವಾಗ ಒಂದೇ ಸಾಲ ಎರಡು ಜಾಮೀನುದಾರರಿಂದಾಗಿ ಎರಡು ಬಾರಿ ಎಣಿಕೆಯಾಗುವುದು ಯಂತ್ರ ಬರೆದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ. ಜೊತೆಗೆ ಲೆಕ್ಕಪರಿಶೋಧನೆಯ ಮೂಲ ತತ್ವಗಳು, ಪ್ರವೇಶಾಧಿಕಾರ ನಿರ್ವಹಣೆ, ಬ್ಯಾಕಪ್‌ನಿಂದ ಮರಳಿ ಪಡೆಯುವ ಪರೀಕ್ಷೆ. ಬ್ಯಾಕಪ್ ಇಡುತ್ತೇವೆ ಎನ್ನುವ ಸಂಘಗಳು ಹಲವು, ಅದನ್ನು ಬೇರೊಂದು ಸರ್ವರಿನಲ್ಲಿ ತೆರೆದು ನೋಡಿದವು ಕೆಲವೇ.

ಇಬ್ಬರ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ನಿಮ್ಮಷ್ಟು ಗಾತ್ರದ ಸಂಘಕ್ಕೆ ಹಳೆಯ ರೀತಿಯ ಕೆಲಸಕ್ಕೆ ಇಬ್ಬರು ಬೇಕಿಲ್ಲ. ಹೊಸ ರೀತಿಯ ಕೆಲಸ ಒಬ್ಬರನ್ನು ಪೂರ್ತಿ ತುಂಬಿಸುತ್ತದೆ, ಎರಡನೆಯವರಿಗೆ ಅದು ಸಾಕಾಗಲಾರದು. ಎರಡು ಮೂರು ಸಂಘಗಳು ಸೇರಿ ಒಬ್ಬ ದತ್ತಾಂಶ ನಿರ್ವಾಹಕರನ್ನು ಹಂಚಿಕೊಳ್ಳುವ ವ್ಯವಸ್ಥೆ ಸಹಕಾರದ ತತ್ವಕ್ಕೂ ಒಪ್ಪುವಂಥದ್ದು. ನಿಮ್ಮ ಸಹೋದ್ಯೋಗಿಗೆ ಅಂಥ ದಾರಿಯನ್ನು ನೀವೇ ಮುಂದಿಟ್ಟರೆ, ಮಂಡಳಿ ತನ್ನಷ್ಟಕ್ಕೆ ಕಡಿತದ ತೀರ್ಮಾನ ಮಾಡುವುದಕ್ಕಿಂತ ಲೇಸು.

ನಿಮ್ಮ ಮಗಳ ವಿಷಯದಲ್ಲಿ ನನಗೆ ನಿಮ್ಮ ವಿಷಯಕ್ಕಿಂತ ಹೆಚ್ಚು ಯೋಚನೆಯಾಗುತ್ತದೆ. ಅವಕಾಶದ ಮಟ್ಟಿಗೆ ಕರಾವಳಿ ಬಡವಾಗಿಲ್ಲ. ಇನ್ಫೋಸಿಸ್ ಮಂಗಳೂರಿನಲ್ಲಿ ನೆಲೆಯೂರಿ ದಶಕಗಳಾದವು, ಉಡುಪಿಯಲ್ಲಿಯೇ 1996ರಲ್ಲಿ ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆ ಹುಟ್ಟಿತು. ತೊಡಕು ಬೇರೆಯದು. ನೀವು ಸಣ್ಣ ವರದಿಗಳನ್ನು ತೆಗೆಯುತ್ತಾ, ಮೊತ್ತ ತಾಳೆಯಾಗದೆ ರಾತ್ರಿಯವರೆಗೆ ಕುಳಿತು ಕಾರಣ ಹುಡುಕುತ್ತಾ ಈ ತಿಳಿವಳಿಕೆಯನ್ನು ಗಳಿಸಿದಿರಿ. ಆ ಸಣ್ಣ ಕೆಲಸಗಳೇ ಈಗ ಯಂತ್ರಕ್ಕೂ ಬಳಕೆದಾರರಿಗೂ ಹೋಗುತ್ತಿವೆ. ಹೊಸಬರು ಪಳಗುತ್ತಿದ್ದ ಮೆಟ್ಟಿಲು ಕಾಣೆಯಾಗುತ್ತಿದೆ, ಆದರೆ ಮೇಲಿನ ಮಹಡಿಯಲ್ಲಿ ಪಳಗಿದವರೇ ಬೇಕು. ಕಾಲೇಜು ಈ ಕೊರತೆಯನ್ನು ತುಂಬುತ್ತದೆಂದು ನಾನು ನಂಬುವುದಿಲ್ಲ. ಅವಳು ಈ ಕ್ಷೇತ್ರಕ್ಕೆ ಬರಲಿ, ಆದರೆ ಪ್ರೋಗ್ರಾಮಿಂಗ್ ಒಂದನ್ನೇ ಹಿಡಿಯದೆ ಬ್ಯಾಂಕಿಂಗ್, ಆಸ್ಪತ್ರೆ, ಮೀನು ಸಂಸ್ಕರಣೆ, ಗೋಡಂಬಿ ರಫ್ತು ಹೀಗೆ ಯಾವುದಾದರೊಂದು ವ್ಯವಹಾರವನ್ನು ಒಳಗಿನಿಂದ ತಿಳಿದುಕೊಳ್ಳಲಿ. ಮುಂದಿನ ರಜೆಯಲ್ಲಿ ಹೆಸರು, ಸಂಖ್ಯೆ ಬದಲಿಸಿದ ಆ ಮಾದರಿ ಪಟ್ಟಿಯನ್ನು ಅವಳಿಗೆ ಕೊಡಿ, ಅದರಿಂದ ಸುಸ್ತಿಯ ವರದಿಯನ್ನು ಎಐ ಮೂಲಕ ತೆಗೆಸಲಿ. ಆಮೇಲೆ ಅದು ತಪ್ಪೆಂದು ಸಾಧಿಸುವ ಕೆಲಸವನ್ನೂ ಅವಳಿಗೇ ವಹಿಸಿ, ಪಕ್ಕದಲ್ಲಿ ನೀವು ಕುಳಿತುಕೊಳ್ಳಿ.